ಹಿಂದಿನ ಚಕ್ರಗಳ ಬಿಸಿ

ಕಾರಿಗೂ ಶುಕ್ರವಾರ ಸ್ನಾನ ಮಾಡಿಸುತ್ತಿದ್ದ ಕಾಲ ಅದು. ಕಲ್ಯಾಣದುರ್ಗದ ನಮ್ಮ ಅಂಗಳದ ಹೊಂಗೆ ಮರದ ಕೆಳಗೆ ಅಪ್ಪನ ಕಪ್ಪು ಕಾರು ನಿಂತಿರುತ್ತಿತ್ತು. ಅಜ್ಜಿ ಅದನ್ನು ಹಸುವಿನ ಹಾಗೇ ನೋಡಿಕೊಳ್ಳುತ್ತಿದ್ದಳು. ನಾಲ್ಕು ಚಕ್ರಕ್ಕೂ ಬಿಂದಿಗೆಗಟ್ಟಲೆ ನೀರು ಹುಯ್ದು, ಅರಿಶಿನ ಕುಂಕುಮ ಹಚ್ಚಿ, ಬಾನೆಟ್ ಮೇಲೊಂದು ತುಂಡು ಕನಕಾಂಬರ ಇಡುವಳು. ಆ ಮಳೆಗಾಲದಲ್ಲಿ ಕಾರು ಎಲ್ಲಿಗೂ ಹೋಗಲಿಲ್ಲ. ಪೂಜೆ ಮಾತ್ರ ತಪ್ಪಲಿಲ್ಲ.

ಅಮ್ಮ ಮನೆಯಲ್ಲಿರಲಿಲ್ಲ.

ಅಮ್ಮ ಹಿಂದೂಪುರದವಳು. ಅವಳ ಅಪ್ಪ, ನನ್ನ ತಾತ, ಮಗ್ಗದ ಮನೆಗಳಿಂದ ರೇಷ್ಮೆ ಸೀರೆ ತಂದು ಮಾರುತ್ತಿದ್ದರು. ಅವರ ಹಳೇ ವ್ಯಾನಿನಲ್ಲೇ ಅಮ್ಮ ಡ್ರೈವಿಂಗ್ ಕಲಿತಿದ್ದಳು, ರಿಪೇರಿಯನ್ನೂ. ಮದುವೆಯಾದ ಮೇಲೂ ಬಿಡಲಿಲ್ಲ. "ಬಜಾರಿನಾಗೆ ಸೊಸೆ ಸ್ಟೀರಿಂಗ್ ತಿರುಗಿಸ್ಕೊಂಡ್ ಹೋಯ್ತಾಳೆ, ಜನ ನನ್ನ ಮುಖ ನೋಡಿ ನಗ್ತಾರೆ ಕಣಪ್ಪ" ಎಂದು ಅಜ್ಜಿ ಒಂದು ದಿನ ಅತ್ತುಬಿಟ್ಟಳು. ಅಪ್ಪ "ಸ್ವಲ್ಪ ದಿನ ಸುಮ್ನಿರು" ಎಂದು ಅಮ್ಮನ ಕೈಯಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಮರುದಿನ ಅಮ್ಮ ಹಿಂದೂಪುರದ ಬಸ್ಸು ಹತ್ತಿದಳು. ನನ್ನನ್ನು ಕಳಿಸಲು ಅಜ್ಜಿ ಒಪ್ಪಲಿಲ್ಲ.

ಮಧ್ಯಾಹ್ನಗಳಲ್ಲಿ ನಾನು ಆ ನಿಂತ ಕಾರಿನೊಳಗೆ ಸೇರಿಕೊಳ್ಳುತ್ತಿದ್ದೆ. ಕಾದ ರೆಕ್ಸಿನ್ನಿನ ವಾಸನೆ, ಅದರ ಅಡಿಯಲ್ಲೆಲ್ಲೋ ಅಮ್ಮನ ತಲೆಎಣ್ಣೆಯ ಪರಿಮಳ. ಗಾಜಿನ ಮೇಲೆ ಹೊಂಗೆ ಎಲೆ ಉದುರುತ್ತಿದ್ದರೆ, ಸ್ಟೀರಿಂಗ್ ಹಿಡಿದು ಬಾಯಲ್ಲೇ ಗೇರ್ ಬದಲಿಸುತ್ತ ಕಣ್ಣು ಮುಚ್ಚಿ ಹಿಂದೂಪುರಕ್ಕೆ ಹೋಗಿಬರುತ್ತಿದ್ದೆ. ಕಡ್ಲೆಕಾಯಿ ಸಿಪ್ಪೆ ಸೀಟಿನಡಿ ಬೀಳುತ್ತಿತ್ತು. ಅಂಗಳ ಇಳಿಜಾರಾದ್ದರಿಂದ ಅಪ್ಪ ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆದಿಟ್ಟಿದ್ದರು. ಎರಡು ಕೈ ಹಾಕಿದರೂ ಅದು ನನಗೆ ಜಗ್ಗುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪ ಶೇವ್ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿ ಬಂದರು.

"ಅಮ್ಮನ್ನ ಕರ್ಕೊಂಡ್ ಬರಾಕೆ ಹೋಯ್ತೀನಿ. ಬತ್ತೀಯಾ?"

"ಬರಲ್ಲ ಅಂದ್ರೆ?"

ಅಪ್ಪ ಕಾರಿನ ಗಾಜು ಒರೆಸತೊಡಗಿದರು.

ದಾರಿಯುದ್ದಕ್ಕೂ ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ಕಾರು ತಡೆತಡೆದು ಸಾಗಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲೂ ತಾನಾಗಿ ನಿಂತುಬಿಡುತ್ತಿತ್ತು. ಇಸ್ತ್ರಿ ಪೆಟ್ಟಿಗೆಗೆ ಉಣ್ಣೆ ಅಂಟಿದಂಥ ಕಮಟು ವಾಸನೆ. ಸೋಮಂದೇಪಲ್ಲಿಯ ಹತ್ತಿರ ಅಪ್ಪ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕಿ, "ಇಂಜಿನ್ನಿಗೆ ವಯಸ್ಸಾಯ್ತು ಕಣಮ್ಮ" ಎಂದರು. ನನಗೆ ಮಾತ್ರ ಕಾರಿಗೇ ಹೋಗಲು ಭಯವೇನೋ ಅನ್ನಿಸಿತು. ನನಗಿದ್ದ ಭಯವೇ.

ಹಿಂದೂಪುರದ ಮನೆಯ ಮುಂದೆ ನಿಂತಾಗ ತಾತ ಜಗುಲಿಯಿಂದಲೇ "ರಂಡಿ ಅಲ್ಲುಡುಗಾರು, ರಂಡಿ" ಎಂದು ಅಳಿಯನನ್ನು ತೆಲುಗಿನಲ್ಲಿ ಬರಮಾಡಿಕೊಂಡರು. ಅವರ ಹಿಂದೆ ಅಮ್ಮ ಬಂದಳು. ಅಪ್ಪನ ಮುಖ ನೋಡಲಿಲ್ಲ. ಮೂಗು ಅರಳಿಸಿದಳು.

"ಏನ್ ಸುಡ್ತಾ ಐತೆ?"

ನಾನು ಓಡಿ ಹೋಗಿ ಸೊಂಟಕ್ಕೆ ಅಂಟಿಕೊಂಡೆ. ಒಂದು ಕೈ ನನ್ನ ತಲೆಯ ಮೇಲಿಟ್ಟು ಇನ್ನೊಂದು ಕೈಯ ಹಿಂಭಾಗವನ್ನು ಚಕ್ರಕ್ಕೆ ತಾಕಿಯೂ ತಾಕದಂತೆ ಹಿಡಿದು, ನನ್ನನ್ನೂ ಎಳೆದುಕೊಂಡೇ ಕಾರನ್ನು ಸುತ್ತಿದಳು. "ಮುಂದಿನ ಎರಡೂ ತಣ್ಣಗವೆ. ಹಿಂದಿನವು ಕೆಂಡ."

ಅಪ್ಪ ನೀರಿನ ಬಿಂದಿಗೆ ಎತ್ತಿದರು.

"ಅಯ್ಯೋ, ಹಾಕ್ಬೇಡ್ರೀ! ಕಾದ ಬ್ರೇಕ್ ಡ್ರಮ್ಮು, ಸೀಳ್ಬುಡ್ತದೆ."

ಅಷ್ಟು ದಿನಗಳ ಮೇಲೆ ಅವರಿಬ್ಬರ ಮೊದಲ ಮಾತು ಅದು. ಕಾರು ತಣ್ಣಗಾಗುವ ತನಕ ಉಗ್ಗಾಣಿ ತಿಂದೆವು. ನೆನೆಸಿದ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಅಮ್ಮ ನಮ್ಮ ಜೊತೆ ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೂ ಇರಲಿಲ್ಲ, ಅಪ್ಪನಿಗೂ ಇರಲಿಲ್ಲ.

ಆಮೇಲೆ ಅಮ್ಮ ಸೆರಗು ಸಿಕ್ಕಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ ಕೆಳಗೆ ಮರದ ದಿಮ್ಮಿ ಇಟ್ಟಳು. ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಚಕ್ರ ಕೈಗೆ ತಿರುಗಲಿಲ್ಲ. ಕಾರಿನಡಿ ನುಸುಳಿ, ಹ್ಯಾಂಡ್‌ಬ್ರೇಕಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಕೇಬಲ್ ಕಳಚಿದಳು. ಚಕ್ರ ಸರಾಗವಾಗಿ ತಿರುಗಿತು.

"ಕಳ್ಳ ಸಿಕ್ಕ. ಲಿವರ್ ಇಳಿದೈತೆ, ಕೇಬಲ್ ಇಳಿದಿಲ್ಲ." ಹೊರಗೆಳೆದ ಕೇಬಲ್ಲಿನಿಂದ ಅವಳ ಅಂಗೈಗೆ ಕೆಂಪು ಪುಡಿ ಉದುರಿತು. "ಇದು ಒಂದೆರಡು ದಿನದ ತುಕ್ಕಲ್ಲ. ಯಾವಾಗಿಂದ ಎಳೆದಿಟ್ಟಿದ್ರಿ?"

ನಾನೇ ಹೇಳಿದೆ. "ನೀನು ಹೋದಾಗಿಂದ! ಅಜ್ಜಿ ಶುಕ್ರವಾರ ಶುಕ್ರವಾರ ನೀರ್ ಹುಯ್ತಾಳೆ. ಗಾಡಿ ಆಚೆಗೇ ಬಂದಿಲ್ಲ."

"ಮತ್ತೆ ಆಫೀಸಿಗೆ?"

"ನಡ್ಕೊಂಡ್ ಹೋಯ್ತಿದ್ದೆ" ಎಂದರು ಅಪ್ಪ. "ಕೀ ಜೇಬಲ್ಲೇ ಇತ್ತು. ಒಬ್ನೇ ಕೂತ್ಕೊಳಾಕೆ ಮನಸ್ಸಾಗ್ಲಿಲ್ಲ."

ಕಾನ್ವೆಂಟಿನಲ್ಲಿ ಆಮೇಲೆ ಸಿಸ್ಟರುಗಳು ನನಗೆ ಎಷ್ಟೋ ಬಗೆಯಲ್ಲಿ 'ಸಾರಿ' ಹೇಳಲು ಕಲಿಸಿದರು. ಅಪ್ಪ ಹೇಳಿದಂಥದ್ದು ಅದರಲ್ಲಿರಲಿಲ್ಲ.

ತಾತ ನಕ್ಕುಬಿಟ್ಟರು. "ಎದ್ದುಲ ಬಂಡಿ ಕೊನುಕ್ಕೋಂಡಿ ಅಲ್ಲುಡುಗಾರು!" ಎತ್ತಿನ ಗಾಡಿ ಕೊಂಡುಕೊಂಡರೆ ಈ ಬ್ರೇಕಿನ ಕಾಟವಿಲ್ಲವೆಂದು ಅವರ ತಮಾಷೆ. ಅಮ್ಮ ನಗಲಿಲ್ಲ. ಕೇಬಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಿಂದಕ್ಕೂ ಮುಂದಕ್ಕೂ ಎಳೆದಾಡಿಸಿ, ಗ್ರೀಸ್ ಹಚ್ಚುತ್ತ ಕೂತಳು. ಕಣ್ಣು ಒರೆಸಿಕೊಂಡ ಕಡೆ ಕೆನ್ನೆಗೊಂದು ಕಪ್ಪು ಗೆರೆ ಮೂಡಿತ್ತು. ತಿರುಗಿ ಜೋಡಿಸಿ, ಸ್ವಲ್ಪ ಸಡಿಲ ಬಿಟ್ಟು, ಚಕ್ರ ತಿರುಗಿಸಿದಳು. ಎಲ್ಲೂ ಉಜ್ಜಲಿಲ್ಲ.

ಅಪ್ಪ ಜೇಬಿನಿಂದ ಕೀ ತೆಗೆದು ಚಾಚಿದರು. "ನಮ್ಮವ್ವನಿಗೆ ನಾನ್ ಹೇಳ್ತೀನಿ."

"ಕೈ ತೊಳ್ಕೊಂಡ್ ಬತ್ತೀನಿ, ಇರಿ" ಎಂದಳು ಅಮ್ಮ.

ವಾಪಸ್ಸು ಅಮ್ಮನೇ ಓಡಿಸಿದಳು. ಬಜಾರಿನ ನಡುವೆಯೇ ಮನೆಗೆ ಬಂದೆವು. ಗೇರ್ ತೆಗೆದರೆ ಇಳಿಜಾರುಗಳಲ್ಲಿ ಕಾರು ಕನಸಿನಂತೆ ತೇಲುತ್ತಿತ್ತು. ಅಷ್ಟು ಗಾಢವಾದ ನಿದ್ದೆ ನನಗೆ ಆಮೇಲೆಂದೂ ಬಂದಿಲ್ಲ.

ಈಗ ಅಮ್ಮನಿಲ್ಲ, ಅಪ್ಪನಿಲ್ಲ, ಆ ಕಾರು ಯಾವ ಗುಜರಿ ಸೇರಿತೋ. ಮೊಮ್ಮಗಳ ಕಾರಿನಲ್ಲಿ ಎಳೆಯಲು ಲಿವರೇ ಇಲ್ಲ, ಒಂದು ಬಟನ್. ಸೋ ಕ್ಲೀನ್, ಸೋ ಕ್ವಯಟ್. ನಾನು ಮಾತ್ರ ಇಳಿದೊಡನೆ ಕೋಲೂರಿಕೊಂಡು ಒಂದು ಸುತ್ತು ಬಂದು ಚಕ್ರಗಳ ಹತ್ತಿರ ಕೈಯ ಹಿಂಭಾಗ ಹಿಡಿಯುತ್ತೇನೆ. "ಏನಜ್ಜಿ, ಏನು ನೋಡ್ತಿದ್ದೀಯಾ?" ಎಂದು ಅವಳು ನಗುತ್ತಾಳೆ.

ನಾಲ್ಕೂ ಒಂದೇ ಸಮ ಇರುತ್ತವೆ.