ಸ್ಟಾರ್ಟರ್ ಮೋಟರ್ ಹುಡುಕಿದ ಸರಳು

ತಂಗಿಯನ್ನು ಹೆರಿಗೆಗೆಂದು ಸುರಪುರದ ದವಾಖಾನೆಗೆ ಒಯ್ದಿದ್ದಾರೆಂದು ಫೋನ್ ಬಂದಾಗ, ನನ್ನ ಸಣ್ಣ ಕಾರನ್ನು ಕಾಲುವೆ ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಿದೆ. ಆಮೇಲೆ ಚಾವಿ ತಿರುವಿದರೆ ಬರೀ ‘ಟಕ್’. ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. “ಸ್ಟಾರ್ಟರ್ ಮೋಟರಿಗೆ ಮೆಲ್ಲಕ ಎರಡು ಕುಟ್ರಿ, ಚಾಲೂ ಆಗ್ತದ” ಎಂದ. ಬಾನೆಟ್ ಎತ್ತಿದೆ. ಆ ಇಕ್ಕಟ್ಟಿನಲ್ಲಿ ಮೋಟರ್ ಯಾವುದೆಂದೇ ತಿಳಿಯಲಿಲ್ಲ.

ಗೇಟು ಕಾಯುವ ಅಜ್ಜನನ್ನು ಕೂಗಿದೆ. ಹೊರಳಿಯೂ ನೋಡಲಿಲ್ಲ. ಹತ್ತಿರ ಹೋದರೆ, “ಜೋರಾಗಿ ಹೇಳ್ರಿ, ಕಿವಿ ಮಂದ ಅವ” ಎಂದ. ಕಿವುಡನಿಂದ ಏನಾದೀತೆಂದು ಸಿಟ್ಟೇ ಬಂತು. ಆದರೂ ಚೀರಿದೆ: “ಟಕ್ ಅನ್ನೋ ಮೋಟರ್ ಸಿಗವಲ್ದು ಅಜ್ಜಾ!”

ಗೇಟಿನಡಿ ನೀರು ಸೋರುತ್ತದೋ ಎಂದು ಆಲಿಸುವ ಕಬ್ಬಿಣದ ಸರಳನ್ನು ಅಜ್ಜ ತಂದ. ಒಂದು ತುದಿಯನ್ನು ಇಂಜಿನಿಗಿಟ್ಟು, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡ.

“ಕಿವಿ ಮಂದಾದ್ರೂ ಎಲುಬಿಗೆ ಕೇಳ್ತದ. ಚಾವಿ ತಿರುವ್ರಿ.”

ಟಕ್. ಸರಳನ್ನು ತುಸು ಸರಿಸಿದ. ಮತ್ತೆ ಟಕ್.

“ಬ್ಯಾಟರಿ ಕೆಳಗ ಅಡಗಿ ಕುಂತದ ನೋಡ್ರಿ,” ಎಂದು ನಕ್ಕು, ಅದೇ ಸರಳಿನಿಂದ ಎರಡು ಸಲ ಕುಟ್ಟಿದ. ಚಾವಿ ತಿರುವಿದೆ, ಕಾರು ಚಾಲೂ ಆಯಿತು.

“ತಂಗಿ ಹಡಿಯಾಕತ್ತಾಳ, ಬರ್ತೀನಿ!” ಎಂದು ಚೀರಿದೆ. ಅಜ್ಜ ಸರಳಿನ ತುದಿಯನ್ನು ಕಿಟಕಿಯೊಳಗೆ ತೂರಿಸಿ ನನ್ನ ಎದೆಗಿಟ್ಟು ಆಲಿಸಿದ.

“ಇದು ಭಾಳ ಜೋರ್ ಓಡಾಕತ್ತದ ತಮ್ಮಾ. ಗಾಡಿ ಮೆಲ್ಲಕ ಹೊಡಿ.”