ಅಂಗೈ ಗೆರೆ ಕಾಣುವಷ್ಟು ಬೆಳಕು

ಭೂಪಾಲ ಸರ್ ಗಡಿಯಾರ ನೋಡಿ ಊಟ ಮಾಡಿದವರಲ್ಲ, ಅಂಗೈ ನೋಡಿ ಮಾಡಿದವರು. ಸಂಜೆಯಾಗುತ್ತ ಬಂದಂತೆ ಎಂಥ ಕೆಲಸವಿದ್ದರೂ ಅಲ್ಲಿಗೇ ಬಿಟ್ಟೆದ್ದು, ಗೋಕಾಕದ ನಮ್ಮ ಕಂಪ್ಯೂಟರ್ ಕ್ಲಾಸಿನ ಪಡುವಣ ಕಿಟಕಿಗೆ ಹೋಗಿ ಬಲಗೈ ಬಿಡಿಸಿ ಮುಖದ ಹತ್ತಿರ ಹಿಡಿಯುತ್ತಿದ್ದರು. ಗೆರೆ ಕಂಡರೆ ಊಟ, ಕಾಣದಿದ್ದರೆ ಅವತ್ತು ನೀರೂ ಇಲ್ಲ. ಜೈನರ ಮನೆತನ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ. ಗೆರೆಯ ಲೆಕ್ಕ ಮಾತ್ರ ಅವರ ತಾಯಿ ಕಲಿಸಿದ್ದು. “ನಮ್ಮವ್ವಗ ಗಡಿಯಾರ ಓದಾಕ ಬರತಿದ್ದಿಲ್ರಿ ಅಕ್ಕಾರ, ಅಂಗೈ ಓದಾಕ ಬರತಿತ್ತು” ಎನ್ನುತ್ತಿದ್ದರು.

ನಾನು ಸುಮ್ಮನಿರುವ ಪೈಕಿಯಲ್ಲ. “ಏನ್ರಿ ಸರ್, ಇವತ್ತ ನಿಮ್ಮ ಕೈಯಾಗ ರೊಟ್ಟಿ ಬರದೈತೋ ಇಲ್ಲೋ?” ಎಂದು ಕಾಡುತ್ತಿದ್ದೆ. ಅವರು ಅಂಗೈಯನ್ನು ಇನ್ನಷ್ಟು ಹತ್ತಿರಕ್ಕೆ ತಂದು, ಜ್ಯೋತಿಷಿಯ ಗತ್ತಿನಲ್ಲಿ “ಬರದೈತಿ. ಬಾಜೂಕ ಮಡಕಿಕಾಳ ಪಲ್ಯನೂ ಬರದೈತಿ. ಬರ್ರಿ, ಕೈ ತೊಳಕೋರಿ” ಎನ್ನುತ್ತಿದ್ದರು. ವೈನಿ, ಅಂದರೆ ಅವರ ಹೆಂಡತಿ, ಕಟ್ಟಿಕೊಟ್ಟ ಡಬ್ಬಿಯಲ್ಲಿ ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ಇರುತ್ತಿತ್ತು. ಬಳ್ಳೊಳ್ಳಿ ಇಲ್ಲದೆ ಅದು ಹೇಗೆ ಅಷ್ಟು ರುಚಿಯಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವರಿಗಾಗ ನಲವತ್ತರ ಆಚೀಚೆ. ಘೋಡಗೇರಿಯ ಒಕ್ಕಲುತನದ ಮನೆಯವರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಇಲ್ಲ, ಮೌನ. ಹುಡುಗರು ಹಿಂದಿನಿಂದ ‘ಸೋಡಾಗ್ಲಾಸು’ ಎಂದು ಆಡಿಕೊಳ್ಳುವಂಥ ದಪ್ಪ ಕನ್ನಡಕ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಹಳೆಯ ಕರದಂಟಿನ ಡಬ್ಬಿ. ಅದರಲ್ಲಿ ಕರದಂಟು ಒಂದು ಚೂರೂ ಇರುತ್ತಿರಲಿಲ್ಲ, ಸ್ಕ್ರೂಡ್ರೈವರು, ಕೇಬಲ್ಲು, ಅರಿವೆಯಲ್ಲಿ ಸುತ್ತಿದ ಡಿಸ್‌ಪ್ಲೇ ಕಾರ್ಡುಗಳು ಇರುತ್ತಿದ್ದವು. ಆಸೆಯಿಂದ ತೆಗೆದು ನೋಡಿ ಬೈದುಕೊಂಡವರಲ್ಲಿ ನಾನೂ ಒಬ್ಬಳು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಅವರ ಕ್ಲಾಸಿನಲ್ಲಿ ಹೊಸದಾಗಿ ಪಾಠ ಹೇಳಲು ಸೇರಿ, ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವಂತೆ ಎಲ್ಲರಿಗೂ ‘ಅಕ್ಕಾರ’ ಆಗಿದ್ದೆ. ಆಗ ನಮ್ಮ ಕಡೆಯ ಕಾಲೇಜುಗಳಿಗೆ ಒಂದು ಹೊಸ ಹುಕಿ ಬಂದಿತ್ತು: ಎಲ್ಲ ಕಂಪ್ಯೂಟರುಗಳನ್ನೂ ಜೋಡಿಸಿ, ಅವಕ್ಕೆಲ್ಲ ಯಜಮಾನನಂತೆ ಒಂದು ಸರ್ವರ್ ಇಡಬೇಕು. ಭೂಪಾಲ ಸರ್ ಅದಕ್ಕೆ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕುತ್ತಿದ್ದರು. ಕಂಪ್ಯೂಟರ್ ಪತ್ರಿಕೆಯ ಜೊತೆಗೆ ಪುಕ್ಕಟೆ ಬಂದ ಅದರ ಸಿ.ಡಿ. ನೋಡಿ ಯಾರಾದರೂ ಮೂಗು ಮುರಿದರೆ, “ಪುಕ್ಕಟ ಬಂದೈತಂತ ಹಗರ ಮಾಡಬ್ಯಾಡ್ರಿ. ಗಾಳಿನೂ ಪುಕ್ಕಟನ ಐತಿ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆದರೆ ಲಿನಕ್ಸ್ ಹಾಕುವಾಗ ಒಂದು ಪೀಡೆ ಇತ್ತು. ಯಂತ್ರ ಚಾಲೂ ಮಾಡಿದರೆ ಮೊದಲು ಕರಿ ಪರದೆಯ ಮೇಲೆ ಬಿಳಿ ಅಕ್ಷರ ನೆಟ್ಟಗೇ ಬರುತ್ತಿದ್ದವು. ಮುಂದೆ ಬಣ್ಣದ ಪುಟ ಬರಬೇಕು ಎನ್ನುವಷ್ಟರಲ್ಲಿ ಪರದೆ ಹದಗೆಟ್ಟು ಹೋಗುತ್ತಿತ್ತು. ಪರದೆಗೆ ಚಿತ್ರ ಕಳಿಸುವ ಒಳಗಿನ ಡಿಸ್‌ಪ್ಲೇ ಕಾರ್ಡಿಗೂ ಹೊರಗಿನ ಮಾನಿಟರಿಗೂ ಹೊಂದಾಣಿಕೆ ಇಲ್ಲದ ಜಗಳ ಅದು. ಹುಕ್ಕೇರಿಯ ಒಂದು ಕಾಲೇಜಿಗೆ ನನ್ನನ್ನು ಮೊದಲ ಸಲ ಒಬ್ಬಳನ್ನೇ ಕಳಿಸಿದಾಗ ಹಾಗೇ ಆಯಿತು. ಪುಣ್ಯಕ್ಕೆ ಆಫೀಸಿನ ಫೋನಿನ ವೈರು ಲ್ಯಾಬಿನ ಬಾಗಿಲವರೆಗೆ ಬರುತ್ತಿತ್ತು. ಅಲ್ಲಿಂದಲೇ ಗೋಕಾಕಕ್ಕೆ ಫೋನು ಮಾಡಿದೆ.

“ಏನ ಕಾಣತೈತ್ರಿ ಅಕ್ಕಾರ?”

“ವೆಲ್‌ಕಮ್ ಅಂತ ಬಂದೈತ್ರಿ ಸರ್, ಆದ್ರ ನೆಟ್ಟಗಿಲ್ಲ.”

“ವೆಲ್‌ಕಮ್ ಅಂತ ಓದಾಕ ಬರತೈತೇನು?”

ತಿರುಗಿ ನೋಡಿದೆ. ಅಯ್ಯ, ಎಲ್ಲಿಯ ವೆಲ್‌ಕಮ್! ಗೋಕಾಕದ ಮಷೀನಿನಲ್ಲಿ ಆ ಜಾಗದಲ್ಲಿ ಅದು ಇರುತ್ತಿತ್ತೆಂದು ನಾನೇ ಇಲ್ಲೂ ಓದಿಕೊಂಡಿದ್ದೆ. “ಇಲ್ರಿ” ಎಂದೆ.

“ಹಂಗಾರ ಇಲ್ಲ ಅನ್ರಿ. ಕಾಣೂದ ಹೇಳ್ರಿ, ಕಾಣಬೇಕಾದ್ದ ಬ್ಯಾಡ. ಕಾಣಬೇಕಾದ್ದು ನನಗೂ ಗೊತ್ತೈತಿ.”

ನನಗೆ ಮೈಯೆಲ್ಲ ಉರಿಯಿತು. ಉರಿಯಲ್ಲೇ ಹೇಳಿದೆ: “ಅಡ್ಡಡ್ಡ ಗೆರಿ ರಿ. ಹಸರು, ಕೆಂಪು. ಒಂದ ಅಕ್ಷರ ನಾಕ್ ಕಡೆ ಒಡದ ಕಾಣತೈತಿ. ಒದ್ದಿ ಸೀರಿ ಹಿಂಡಿದಂಗ ಆಗೈತಿ.”

ಆ ಕಡೆಯಿಂದ ಸಣ್ಣ ನಗು. “ಹಾಂ, ಈಗ ನನಗೂ ಕಾಣ್ತು ನೋಡ್ರಿ. ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ. ಮೊದಲ ಕರಿ ಪರದೆ ಬರತೈತಲ್ಲ, ಅಲ್ಲೇ ತಡೀರಿ. ಲಿನಕ್ಸ್ ಅಂತ ಹೊಡದು, ಜಾಗಾ ಬಿಟ್ಟು, ಟೆಕ್ಸ್ಟ್ ಅಂತ ಹೊಡೀರಿ. ಚಿತ್ರ ಬ್ಯಾಡ, ಬರೇ ಅಕ್ಷರ ಸಾಕು ಅಂದಂಗ.” ಹೊಡೆದೆ. ನೀಲಿ ಪರದೆ, ನಡುವೆ ಬೂದಿ ಬಣ್ಣದ ಚೌಕ, ಅದರೊಳಗೆ ಸಾಲಾಗಿ ನಿಂತ ಅಕ್ಷರಗಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

“ಸರ್ವರಿಗೆ ಅಲಂಕಾರ ಯಾಕ ಬೇಕ್ರಿ?” ಎಂದರು ಸರ್. “ಒಮ್ಮೆ ಕುಂತು ಕೆಲಸಕ್ಕ ಹತ್ತಿತಂದ್ರ ಅದಕ್ಕ ಮಾನಿಟರ್ ಸುದ್ದಾ ಬ್ಯಾಡ. ಕಿತ್ತು ಬಾಜೂಕ ಇಡ್ರಿ. ಕತ್ತಲಾಗೂ ದುಡೀತೈತಿ.”

ಹಾಗೂ ಸರಿಹೋಗದ ಯಂತ್ರಗಳಿಗೆ ಇನ್ನೊಂದು ದಾರಿ ಇತ್ತು. ಒಂದು ಹೊತ್ತಿಗೆ ಒಂದೇ ಸಾಮಾನು ಬದಲಿಸುವುದು. ಕೇಬಲ್ ಬದಲಿಸಿ ನೋಡುವುದು, ಆಮೇಲೆ ಕಾರ್ಡು, ಆಮೇಲೆ ಮಾನಿಟರು. “ದೋಷ ಯಾವುದರ ಬೆನ್ನ ಹತ್ತಿ ಹೋಗತೈತಿ ನೋಡ್ರಿ, ಅದ ಕಳ್ಳ” ಎನ್ನುತ್ತಿದ್ದರು. ನಾನು ಅವಸರದಲ್ಲಿ ಎರಡೆರಡನ್ನು ಒಟ್ಟಿಗೆ ಕಿತ್ತರೆ ಆ ಮೌನದ ಸಿಟ್ಟು ಬರುತ್ತಿತ್ತು.

ಮುಂದಿನ ವರ್ಷ ಮೂಡಲಗಿಯ ಕಾಲೇಜಿನ ಕೆಲಸ ಬಂತು. ಸರ್ ಒಬ್ಬರೇ ಹೋದರು. ಹೋದವರು ಕೆಲಸ ಮುಗಿಸದೆ ಬಂದರು. “ಟೆಕ್ಸ್ಟ್ ಹಾಕಿದ್ರೂ ನಡುವಿನ ಸಾಲು ಬಾಗಾಕತ್ತಾವ್ರಿ. ಇಂಥಾದ್ದ ನಾ ಎಲ್ಲೂ ನೋಡಿಲ್ಲ” ಎಂದು ತಲೆ ಕೊಡವಿದರು. ಕೇಬಲ್ ಒಯ್ದು ಬದಲಿಸಿದರು. ಇನ್ನೊಮ್ಮೆ ಹೋಗಿ ಕಾರ್ಡು ಬದಲಿಸಿದರು. ಸ್ಕೂಟರಿನ ಮೇಲೆ ಮಾನಿಟರನ್ನು ಕೂಸಿನ ಹಾಗೆ ಕಟ್ಟಿಕೊಂಡು ಹೋಗಿ ಅದನ್ನೂ ಬದಲಿಸಿದರು. ಸಾಲು ಬಾಗಿದ್ದು ಬಾಗಿಯೇ ಇತ್ತು. ಕಾಲೇಜಿನ ಕ್ಲಾರ್ಕು ಪಾಪ, ಬಾಜೂಕ್ಕೇ ನಿಂತು ನೋಡುತ್ತಿದ್ದನಂತೆ. ಅವನಿಗೆ ಎಲ್ಲ ನೆಟ್ಟಗೇ ಕಂಡಿದೆ. ಆದರೆ ಬಾಯಿ ಬಿಟ್ಟಿಲ್ಲ. ಆಮೇಲೆ ನನಗೆ ಹೇಳಿದ: “ಸರ್ ಡೊಂಕ ಅಂದ ಮ್ಯಾಲ ಡೊಂಕ ಇರಬೇಕಂತ ಸುಮ್ಮನಾದೆ ರಿ ಅಕ್ಕಾರ. ನಮಗ ಇದರಾಗ ಏನ ತಿಳೀತೈತಿ?”

ಅಷ್ಟರಲ್ಲಿ ಗೋಕಾಕದ ನಮ್ಮ ಕ್ಲಾಸಿನ ಪರದೆಗಳೂ ಅಲುಗುತ್ತಿವೆ ಎಂದು ಸರ್ ಹೇಳತೊಡಗಿದರು. ಕರೆಂಟು ದಿನಾ ಏರುಪೇರಾಗುವ ಊರು ನಮ್ಮದು. ಆ ಮಾನಿಟರುಗಳು ನಡುಗದ ದಿನವೇ ಇರಲಿಲ್ಲ. ವೋಲ್ಟೇಜಿಗೆ ಶಾಪ ಹಾಕಿ ಎಲ್ಲರೂ ನಮ್ಮ ನಮ್ಮ ಕೆಲಸಕ್ಕೆ ಹತ್ತಿದೆವು.

ಕೊನೆಗೊಂದು ದಿನ ಮೂಡಲಗಿಗೆ ನನ್ನನ್ನೂ ಕರೆದುಕೊಂಡು ಹೋದರು. ಮಧ್ಯಾಹ್ನದ ಬಸ್ಸಿಗೆ ಹೋಗಿ ಕುಳಿತೆವು. ಯಂತ್ರ ಚಾಲೂ ಆಯಿತು, ನೀಲಿ ಪರದೆ ಬಂತು. ಸರ್ ಮೂಗು ತಾಗುವಷ್ಟು ಹತ್ತಿರ ಬಗ್ಗಿ, “ನೋಡ್ರಿ, ನೋಡ್ರಿ, ಇಲ್ಲಿ ನಡುವ ಬಾಗೇತಿ” ಎಂದು ಬೆರಳಿಟ್ಟರು.

“ನೆಟ್ಟಗ ಐತ್ರಿ ಸರ್” ಎಂದೆ.

“ಸರಿಯಾಗಿ ನೋಡ್ರಿ.”

“ಸರಿಯಾಗೇ ನೋಡಾಕತ್ತೇನ್ರಿ. ಸಾಲು ನೆಟ್ಟಗ ಅದಾವು.”

ಸಿಟ್ಟಿನಲ್ಲಿ ಮೌನವಾಗುವ ಮನುಷ್ಯ ಅವತ್ತು ಮೊದಲ ಸಲ ದನಿ ಏರಿಸಿದರು. “ನೀವು ಕಾಣಬೇಕಾದ್ದ ಹೇಳಾಕತ್ತೀರಿ!”

ನಾನೇನು ಬಿಡುವವಳೇ? “ಇಲ್ರಿ. ಕಾಣೂದ ಹೇಳಾಕತ್ತೇನಿ. ನೀವ ಕಲಿಸಿದ್ದು!” ಎಂದು ಅಷ್ಟೇ ಜೋರಾಗಿ ಹೇಳಿ ಮುಖ ತಿರುಗಿಸಿ ಕುಳಿತೆ. ಸಂಜೆಯಾಗುತ್ತ ಬಂತು.

ಜಗಳವಾಡಿದರೂ ನನಗೆ ಹಸಿವು ತಡೆಯುವುದಿಲ್ಲ. ಡಬ್ಬಿ ಬಿಚ್ಚಿ, “ಬರ್ರಿ ಸರ್, ಉಣ್ಣೋಣು” ಎಂದು ಕರೆದೆ. ಅವರು ಎದ್ದು ಕಿಟಕಿಗೆ ಹೋದರು. ಅಂಗೈ ಬಿಡಿಸಿದರು. ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಆಮೇಲೆ ಬಂದು ತಮ್ಮ ಪಾಲಿನ ರೊಟ್ಟಿಯನ್ನು ನನ್ನ ಕಡೆಗೆ ಸರಿಸಿ, “ಹೊತ್ತ ಮುಳಗೇತ್ರಿ. ನೀವು ಉಣ್ರಿ” ಎಂದರು.

ಹೊರಗೆ ಬೇವಿನ ಗಿಡದ ತುಂಬ ಬಿಸಿಲಿತ್ತು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬಿದ್ದಿತ್ತು. ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. “ಸರ್... ಬಿಸಲ ಇನ್ನೂ ಐತ್ರಿ” ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡರು. ಒಂದು ಕಣ್ಣು ಮುಚ್ಚಿ ಕಿಟಕಿ ನೋಡಿದರು, ಆಮೇಲೆ ಇನ್ನೊಂದು ಕಣ್ಣು. “ಅಕ್ಕಾರ, ಈ ಸಳಿ ನೆಟ್ಟಗ ಅದಾವೇನು?”

“ನೆಟ್ಟಗ ಅದಾವ್ರಿ.”

ಕುರ್ಚಿಯಲ್ಲಿ ಕುಳಿತರು. ಮೆಲ್ಲಗೆ, ಪಾಠ ಹೇಳುವಾಗಿನ ಅದೇ ದನಿಯಲ್ಲಿ ಹೇಳಿದರು: “ಕೇಬಲ್ ಬದಲಿ ಮಾಡಿದೆ. ಕಾರ್ಡ್ ಬದಲಿ ಮಾಡಿದೆ. ಮಾನಿಟರ್ ಬದಲಿ ಮಾಡಿದೆ. ಮೂಡಲಗಿ ಬಿಟ್ಟು ಗೋಕಾಕಕ್ಕ ಹೋದೆ, ಅಲ್ಲೂ ಬಂತು. ದೋಷ ನನ್ನ ಬೆನ್ನ ಹತ್ತಿ ತಿರಗಾಕತ್ತೈತಿ ನೋಡ್ರಿ.”

ನನಗೆ ಅಳು ಬಂತು. ಅವರು ಅಳಲಿಲ್ಲ. “ಬಿಸಲ ಐತಿ ಅಂದ್ರಿ ಹೌದಲ್ಲ?” ಎಂದು ಇನ್ನೊಮ್ಮೆ ಕೇಳಿ, ನಾನು ಹೌದೆಂದ ಮೇಲೆ ಒಂದೇ ಒಂದು ರೊಟ್ಟಿ ಉಂಡರು. ತಮ್ಮ ಅಂಗೈ ಬಿಟ್ಟು ಇನ್ನೊಬ್ಬರ ಮಾತಿನ ಮೇಲೆ ಅವರು ಉಂಡದ್ದು ಅದೇ ಮೊದಲು. ಆಮೇಲೆ ಕೆಲಸಕ್ಕೆ ಕುಳಿತೆವು. ನಾನು ಪರದೆ ಓದಿ ಹೇಳಿದೆ, ಅವರು ಕೀ ಒತ್ತಿದರು. ಕೆಟ್ಟೇ ಇರದಿದ್ದ ಆ ಸರ್ವರು ಅವತ್ತೇ ಚಾಲೂ ಆಯಿತು.

ಬೆಳಗಾವಿಯ ಕಣ್ಣಿನ ಡಾಕ್ಟರು ಬೈದರಂತೆ. ಇಷ್ಟು ದಪ್ಪ ಗ್ಲಾಸಿನ ಕಣ್ಣಿನಲ್ಲಿ ಹಿಂದಿನ ಪದರ ತೆಳ್ಳಗಾಗಿ ರಕ್ತ ಒಸರುತ್ತದೆ, ಗೆರೆ ಬಾಗಿ ಕಾಣುವುದೇ ಅದರ ಮೊದಲ ಸೂಚನೆ, ಆಗಲೇ ಯಾಕೆ ಬರಲಿಲ್ಲ ಎಂದು. ಆಗ ನಾವು ಕೇಬಲ್ ಬದಲಿಸುತ್ತಿದ್ದೆವು. ಇನ್ನೊಂದು ಕಣ್ಣೂ ಅದೇ ದಾರಿ ಹಿಡಿಯಿತು.

ಒಂದಷ್ಟು ಕಾಲ ನಾನು ಅವರ ಬಾಜೂ ಕುಳಿತು ಓದಿ ಹೇಳಿದೆ, ಅವರು ಕೆಲಸ ಮಾಡಿದರು. ಆದರೆ ಎದುರಿಗೆ ಕುಳಿತ ಮನುಷ್ಯನ ಮುಖವೂ ಕಾಣದಾದಾಗ ಕ್ಲಾಸು ಮುಚ್ಚಿ ಘೋಡಗೇರಿಗೆ, ತಮ್ಮನ ಮನೆಗೆ ಹೊರಟರು. ಸಾಮಾನು ಹೇರುವ ದಿನ ಕರದಂಟಿನ ಡಬ್ಬಿಯನ್ನು ನನ್ನ ಕೈಗಿಟ್ಟು, “ನಾನೀಗ ಮಾನಿಟರ್ ಕಿತ್ತಿಟ್ಟ ಸರ್ವರ್ ಆದೆ ರಿ ಅಕ್ಕಾರ” ಎಂದು ನಕ್ಕರು. ವೈನಿ ಸೆರಗು ಬಾಯಿಗೊತ್ತಿ ಒಳಗೆ ಹೋದರು.

ನನಗೆ ಹುಕ್ಕೇರಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆಗೀಗ ಘೋಡಗೇರಿಗೆ ಹೋಗಿ ಬರುತ್ತಿದ್ದೆ. ಒಂದು ಚಳಿಗಾಲ ಅವರಿಗೆ ಕಾಮಣಿ, ಅಂದರೆ ಕಾಮಾಲೆ, ಆಗಿದೆ, ಇಳಿಯುತ್ತಲೇ ಇಲ್ಲ ಎಂಬ ಸುದ್ದಿ ಬಂತು. ಬರುತ್ತೇನೆಂದು ಫೋನು ಮಾಡಿ, ಕಾಲೇಜು ಮುಗಿಸಿ ಹೊರಟೆ. ಬಸ್ಸು ತಡವಾಯಿತು. ನಾನು ಮುಟ್ಟಿದಾಗ ದನಗಳು ಮನೆ ಸೇರಿಯಾಗಿತ್ತು. ಸರ್ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಮುಂದೆ ಗಂಜಿಯ ತಾಟು.

“ನೀವು ಬರತೀರಂತ ಉಣ್ಣಲಾರದ ಕುಂತಾರ ನೋಡವಾ” ಎಂದರು ವೈನಿ. “ಎರಡ ದಿನದಿಂದ ಹೊಟ್ಟಿಗೆ ಏನೂ ನಿಂತಿಲ್ಲ. ಇವತ್ತ ಹಸಿವು ಅಂದಾರ.”

ಸರ್ ಬಲಗೈ ಬಿಡಿಸಿ ನನ್ನ ದನಿಯಿದ್ದ ಕಡೆಗೆ ಚಾಚಿದರು. “ಅಕ್ಕಾರ, ಗೆರಿ ಕಾಣತಾವೇನು?”

ಅವರ ಹಿಂದೆ ನಿಂತಿದ್ದ ವೈನಿ ಎರಡೂ ಕೈ ಜೋಡಿಸಿ, ಕಾಣತಾವು ಅನ್ನು, ಕಾಣತಾವು ಅನ್ನು ಎಂದು ಸನ್ನೆ ಮಾಡಿದರು. ಕಣ್ಣಲ್ಲಿ ನೀರು. ನಾನು ಆ ಕೈ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದೆ. ಬಗ್ಗಿ ನೋಡಿದೆ. ಒಂದಾದರೂ ಕಾಣಲಿ ದೇವರೇ ಎಂದು ಬೇಡಿಕೊಂಡು ನೋಡಿದೆ. ಹಗುರಾದ ಒಂದು ಕೈ ಇತ್ತು, ಅಷ್ಟೇ.

“ಕಾಣಂಗಿಲ್ರಿ ಸರ್” ಎಂದೆ.

ವೈನಿ ನೆಲಕ್ಕೆ ಕುಸಿದು ಕುಳಿತರು. ಸರ್ ಕೈ ಮಡಚಿಕೊಂಡು ತಾಟನ್ನು ಬಾಜೂಕ್ಕೆ ಸರಿಸಿದರು. “ಹಿಂದ ನಿಂತು ಸನ್ನಿ ಮಾಡಿದ್ಲೇನು?”

“ಮಾಡಿದ್ರು ರಿ.”

“ದಿನಾ ಕಾಣತಾವು ಅಂತಾಳ. ಮನಿಯಾಗ ದೀಪ ಹಚ್ಚಿದ ವಾಸನಿ ಬಂದಿರತೈತಿ, ಆದ್ರೂ ಕಾಣತಾವು ಅಂತಾಳ. ಆಕಿ ಜೀವಾ ನೋಯಬಾರದಂತ ಉಣತೇನಿ.” ಆಮೇಲೆ ಮುಖವನ್ನು ನನ್ನ ಕಡೆಗೆ ತಿರುಗಿಸಿ ಕೇಳಿದರು: “ನನ್ನ ಮಾರಿ ಹೆಂಗ ಕಾಣತೈತ್ರಿ? ಡಾಕ್ಟರ ಸುದ್ದಾ ಕಾಣಬೇಕಾದ್ದ ಹೇಳಾಕತ್ತಾನ.”

ದೀಪ ಹಚ್ಚಿ ಅವರ ಮುಖದ ಹತ್ತಿರ ಹಿಡಿದು ನೋಡಿದೆ. ಹೇಳಿದೆ. “ಹಳದಿ ಆಗೈತ್ರಿ. ಕಣ್ಣೂ ಹಳದಿ. ಗಲ್ಲ ಒಳಗ ಹೋಗ್ಯಾವು. ಹೋದ ಸಲಕ್ಕಿಂತ ಭಾಳ ಸೊರಗೀರಿ.”

“ಹಾಂ” ಎಂದರು. “ಈಗ ನನಗೂ ಕಾಣ್ತು ನೋಡ್ರಿ.” ನನ್ನ ಕೈಯನ್ನು ಹುಡುಕಿ ಹಿಡಿದು, ಹೊರಗೆ ಪೂರ್ತಿ ಕತ್ತಲಾಗುವ ತನಕ ಬಿಡಲಿಲ್ಲ.

ಆ ಚಳಿಗಾಲ ಮುಗಿಯುವ ಮೊದಲೇ ಅವರು ಹೋದರು. ಅಂತ್ಯಕ್ರಿಯೆಗೆ ಹೋಗಿ ಬಂದವಳು ಕಾಲೇಜಿನ ಸರ್ವರ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ.

ನಾವು ಲಿಂಗಾಯತರು; ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆಯೇ ರಾತ್ರಿಯ ಒಲೆ. ಆದರೂ ರಾತ್ರಿ ಊಟಕ್ಕೆ ಕುಳಿತಾಗ ಒಂದೊಂದು ದಿನ ಬಲಗೈ ಬಿಡಿಸಿ ಬಾಗಿಲ ಕಡೆಗೆ ಹಿಡಿಯುತ್ತೇನೆ. ಗೆರೆ ಕಾಣುವುದಿಲ್ಲ. ಕಾಣಂಗಿಲ್ರಿ ಸರ್, ಎಂದು ಬಾಯಿಬಿಟ್ಟು ಹೇಳುತ್ತೇನೆ. ಹಾಂ ಅನ್ನುವವರು ಯಾರೂ ಇಲ್ಲ.