ಪರದೆಯ ಹಿಂದಿನ ಸಾಮಾನು

ಪೇಟೆ ಬೀದಿಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಅಂಗಿ, ಕೋಟು, ಹೊದಿಕೆಗಳನ್ನೆಲ್ಲ ಬೀದಿಗೆ ಕಾಣುವ ಹಾಗೆ ತೂಗುಹಾಕಿರುತ್ತಾರೆ. ಒಂದು ಮೂಲೆಗೆ ಮಾತ್ರ ಹಸಿರು ಪರದೆ. ಅದರ ಹಿಂದೆ ಒಂದು ಗಿಡ್ಡ ಮೇಜು, ಗೋಡೆ ತುಂಬ ರಟ್ಟಿನ ಡಬ್ಬಿಗಳು, ಹಳೇ ಪೇಪರಿನ ಕಟ್ಟು, ಮತ್ತು ಅವಳು. ಹೆಂಗಸರ ಒಳಉಡುಪು ಮಾರುವುದು ಅವಳ ಕೆಲಸ. ಊರಿನವರು ಅವಳಿಗಿಟ್ಟ ಹೆಸರು ಪಿಸುಮಾತಿನಕ್ಕ.

ಆ ಹೆಸರು ಕಸುಬಿನಿಂದಲೇ ಬಂದದ್ದು. ಪರದೆ ಸರಿಸಿ ಒಳಬಂದವರು "ಅದು ಬೇಕಿತ್ತು" ಎನ್ನುತ್ತಾರೆ. ಯಾವುದು ಎಂದು ಅವಳು ಕೇಳುವುದಿಲ್ಲ. ಒಂದು ಡಬ್ಬಿ ಇಳಿಸುತ್ತಾಳೆ, ಕಿವಿಯ ಹತ್ತಿರ ಬಂದು ಬೆಲೆ ಉಸುರುತ್ತಾಳೆ, ಪೇಪರಿನಲ್ಲಿ ಸುತ್ತಿ ದಾರ ಬಿಗಿದು ಗಿರಾಕಿಯ ಚೀಲದ ತಳಕ್ಕೆ ಸೇರಿಸಿಬಿಡುತ್ತಾಳೆ. ಮದುವೆಯಾದ ಹೊಸತರಲ್ಲಿ ಕೆಲಸಕ್ಕೆ ಸೇರಿದವಳಿಗೆ ಈಗ ಮುಂಗೂದಲು ನರೆತಿದೆ. ಊರಿನ ಅರ್ಧದಷ್ಟು ಹೆಂಗಸರ ಗುಟ್ಟು ಅವಳ ಹೊಟ್ಟೆಯಲ್ಲಿದೆ, ಒಂದೂ ಬಾಯಿಗೆ ಬಂದದ್ದಿಲ್ಲ. ಅಭ್ಯಾಸ ಬಲವಾಗಿ, ಮನೆಯಲ್ಲೂ ಅವಳು ಪಿಸುಗುಟ್ಟುವುದೇ.

ಗಂಡ ಇದಕ್ಕೆ ತದ್ವಿರುದ್ಧ. ಅವನದು ಕೂಗುವ ಕಸುಬು. ಒಂದು ಲಟಾರಿ ವ್ಯಾನು, ಅದರ ತಲೆಯ ಮೇಲೆ ಎರಡು ಲೌಡ್‌ಸ್ಪೀಕರು. ಯಾರದೋ ಅಂಗಡಿ ತೆರೆದದ್ದು, ಯಾರದೋ ನಾಯಿ ಕಳೆದದ್ದು, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದು, ಎಲ್ಲ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಕಿವಿ ಮಂದವಾದ ಅತ್ತೆ ಬಂದವರೆದುರು ದೂರುವುದುಂಟು: "ನನ್ನ ಮಗ ಮಾತಾಡಿದ್ರೆ ಮೂರು ಬೀದಿಗೆ ಕೇಳಿಸುತ್ತೆ. ಸೊಸೆ ಮಾತಾಡಿದ್ದು ಅವಳ ಕಿವಿಗೇ ಕೇಳಿಸುತ್ತೋ ಇಲ್ವೋ, ದೇವರೇ ಬಲ್ಲ."

ಒಂದು ದಿನ ಬೆಳಗಿನ ಜಾವ ಭೂಮಿ ನಡುಗಿತು. ಈ ಊರಿನಲ್ಲಿ ಡಬ್ಬಿಗಳು ಉರುಳಿ, ಎರಡು ಗೋಡೆ ಬಿರುಕುಬಿಟ್ಟು ಮುಗಿಯಿತು. ಬೆಟ್ಟದಾಚೆಯ ಊರಿನಲ್ಲಿ ಬೀದಿಗೆ ಬೀದಿಯೇ ಮಲಗಿಬಿಟ್ಟಿತು. ಪಿಸುಮಾತಿನಕ್ಕನ ಒಬ್ಬಳೇ ತಂಗಿ ಇದ್ದದ್ದು ಆ ಊರಲ್ಲಿ. ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತ, ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದವಳು. ಫೋನು ಹೋಗಲಿಲ್ಲ. ಅಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಿದ್ದ ಡಬ್ಬಿಗಳನ್ನು ಜೋಡಿಸಿದಳು, ಮತ್ತೆ ಇಳಿಸಿ ಮತ್ತೆ ಜೋಡಿಸಿದಳು. ಕೊನೆಗೆ ಯಾರೋ ಸ್ವಯಂಸೇವಕರ ಫೋನಿನಿಂದ ಸುದ್ದಿ ಬಂತು: ತಂಗಿ ಬದುಕಿದ್ದಾಳೆ, ಮೈದಾನದ ಡೇರೆಯಲ್ಲಿದ್ದಾಳೆ. ಅಲ್ಲಿಗೆ ಹೋಗಲು ಮಾತ್ರ ದಾರಿಯಿರಲಿಲ್ಲ. ಪರಿಹಾರದ ಲಾರಿ ಬಿಟ್ಟು ಬೇರೆ ಯಾರನ್ನೂ ಬೆಟ್ಟ ದಾಟಿಸುತ್ತಿರಲಿಲ್ಲ.

ಪೇಟೆಯವರು ಸೇರಿ ಒಂದು ಸಮಿತಿ ಮಾಡಿದರು. ಮುಂದಾಳು ಔಷಧಿ ಅಂಗಡಿಯವರು. ದೊಡ್ಡ ಮನುಷ್ಯ, ಒಳ್ಳೇ ಮನುಷ್ಯ, ಮೊದಲ ಹಣ ಹಾಕಿದ್ದು ಅವರೇ. ಮನೆ ಕಟ್ಟಿಸಲು ಸರ್ಕಾರವಿದೆ, ಹೆಂಗಸರನ್ನು ಕೇಳುವವರು ಯಾರು, ಅವರಿಗಾಗಿ ನಾವು ಎತ್ತೋಣ ಎಂದದ್ದೂ ಅವರೇ. "ನೊಂದ ಮಹಿಳೆಯರ ಅಗತ್ಯಗಳಿಗೆ ನೆರವಾಗಿ" ಎಂದು ಬಟ್ಟೆಯ ಮೇಲೆ ಬರೆಸಿ ವ್ಯಾನಿಗೆ ಕಟ್ಟಿದರು. ಗಂಡ ಬಾಡಿಗೆ ಬೇಡವೆಂದ. ಹೆಂಡತಿ ರಜೆ ಹಾಕಿ ಚಂದಾ ಡಬ್ಬಿ ಹಿಡಿದು ಅವನ ಜೊತೆ ಹೊರಟಳು. ಊರು ಧಾರಾಳವಾಗಿ ಕೊಟ್ಟಿತು, ಆದರೆ ಹೆಂಗಸರ ಅಗತ್ಯ ಎಂದರೆ ಏನೆಂದು ಪ್ರತಿಯೊಬ್ಬರೂ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡರು. ಹಳೇ ಕೋಟು ಬಂತು, ಕಿಟಕಿ ಪರದೆ ಬಂತು, ತುಟಿಗೆ ಹಚ್ಚುವ ಬಣ್ಣ ಬಂತು, ಎತ್ತರದ ಹಿಮ್ಮಡಿಯ ಚಪ್ಪಲಿ ಬಂತು. ಯಾರೋ ಪುಣ್ಯಾತ್ಮರು ಮದುವೆಯ ಉಡುಪನ್ನೇ ಇಸ್ತ್ರಿ ಮಾಡಿ ಕೊಟ್ಟಿದ್ದರು. ಬಂದ ಹಣಕ್ಕೆ ಸಮಿತಿಯವರು ಕಂಬಳಿ ತೆಗೆದರು. ಮೊದಲ ಲಾರಿ ಹೊರಟಿತು.

ಎರಡು ದಿನಕ್ಕೆ ತಂಗಿಯ ಫೋನು.

"ಅಕ್ಕಾ, ಪಕ್ಕದಲ್ಲಿ ಗಂಡಸರಿದಾರೆ, ಬಿಡಿಸಿ ಹೇಳೋಕಾಗಲ್ಲ. ಇಲ್ಲಿ ಕೋಟಿನ ಗುಡ್ಡೆ ಬಿದ್ದಿದೆ. ನಮಗೆ ನಿನ್ನ ಅಂಗಡಿ ಸಾಮಾನು ಬೇಕು. ಪರದೆ ಹಿಂದಿಂದು. ನನಗೊಬ್ಬಳಿಗೆ ಅಲ್ಲ, ಮೈದಾನಕ್ಕೆಲ್ಲ."

"ಒಂದೂ ಇಲ್ವೇನೇ?"

"ರಾತ್ರಿ ಉಡುಪಲ್ಲೇ ಓಡಿ ಬಂದೋರು ನಾವು. ಇರೋದನ್ನೇ ತೊಳೆದು ಹಸಿಯಲ್ಲೇ ಹಾಕ್ಕೋತೀವಿ. ತಿಂಗಳಿಂದು ಬಂದೋರ ಪಾಡು ಕೇಳ್ಬೇಡ. ಬೇಗ ಕಳಿಸಕ್ಕಾ." ಫೋನು ಕಟ್ಟಾಯಿತು.

ಅಕ್ಕ ಅಂಗಡಿಗೆ ಓಡಿದಳು. ಅಂಗಡಿಯ ಯಜಮಾನರು ಹಳೇ ದಾಸ್ತಾನಿನಿಂದ ಎರಡು ಡಬ್ಬಿ ಕೊಟ್ಟರು. ಮೈದಾನ ತುಂಬ ಹೆಂಗಸರಿಗೆ ಎರಡು ಡಬ್ಬಿ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಳೇ ಕೋಟನ್ನಾದರೆ ಬೇರೆಯವರು ಹಾಕಿಕೊಂಡಾರು, ಇದನ್ನು ಹೊಸದೇ ಕೊಳ್ಳಬೇಕು, ಅದಕ್ಕೆ ಹಣವೇ ಬೇಕು. ಹಣ ಬೇಕೆಂದರೆ ಯಾತಕ್ಕೆ ಎಂದು ಹೇಳಬೇಕು. ಅಲ್ಲೇ ಇತ್ತು ತೊಡಕು.

ಔಷಧಿ ಅಂಗಡಿಯವರ ಹತ್ತಿರ ಹೋಗಿ ಪಿಸುಪಿಸು ಎಂದಳು. ಅವರ ಮುಖ ಕೆಂಪಾಯಿತು.

"ಅದನ್ನೆಲ್ಲ ಬಟ್ಟೆ ಮೇಲೆ ಬರೆಸೋಕಾಗುತ್ತೇನಮ್ಮಾ? ಅಗತ್ಯಗಳು ಅಂತ ಹಾಕಿದೀವಲ್ಲ, ಅರ್ಥ ಆಗೋರಿಗೆ ಆಗುತ್ತೆ."

"ಯಾರಿಗೂ ಆಗಿಲ್ಲ ಸರ್. ಚಪ್ಪಲಿ ಬಂತು."

"ನಾಲ್ಕು ಜನ ಮರ್ಯಾದಸ್ಥರಿರೋ ಸಮಿತಿ ಇದು" ಎಂದು ಅವರು ಹೇಳುತ್ತಿರುವಾಗಲೇ ಹುಡುಗಿಯೊಬ್ಬಳು ಬಂದು ಕಣ್ಣಿನಲ್ಲೇ ಏನೋ ತೋರಿಸಿದಳು. ಅವರು ಪ್ಯಾಡಿನ ಪೊಟ್ಟಣವನ್ನು ಕಪ್ಪು ಚೀಲಕ್ಕಿಳಿಸಿ, ಅದಕ್ಕೊಂದು ಪೇಪರು ಸುತ್ತಿ, ಎತ್ತಲೋ ನೋಡುತ್ತ ಕೊಟ್ಟರು. ಪಿಸುಮಾತಿನಕ್ಕ ಅವರನ್ನು ಬೈಯಲಾರದೆ ಹೋದಳು. ತಾನೂ ದಿನವೂ ಮಾಡುವ ಕೆಲಸ ಅದೇ.

ಉಳಿದವನು ಗಂಡ.

"ಅಯ್ಯಯ್ಯೋ, ನನ್ನ ಬಾಯಲ್ಲಿ ಅದು ಹೇಗೆ ಬರುತ್ತೆ ಕಣೇ?"

"ಮೂಲವ್ಯಾಧಿ ಮಲಾಮಿನ ಬಗ್ಗೆ ಊರಿಡೀ ಕೂಗಿದ್ರಲ್ಲ, ಆಗ ಬಂತಲ್ಲ?"

"ಅದು ಕಾಯಿಲೆ!"

"ಇದು?"

"ಇದು... ಇದು ಹೆಂಗಸರ ವಿಷಯ." ಅವನು ತಲೆ ಕೆರೆದುಕೊಂಡ. "ನನ್ನ ಬಿಡು. ನೀನು ಹೇಳು ನೋಡೋಣ. ಇಲ್ಲೇ, ನನ್ನೆದುರಿಗೆ, ಗಟ್ಟಿಯಾಗಿ."

ಅವಳು ಬಾಯಿ ತೆರೆದಳು. ದಿನವಿಡೀ ಅದೇ ಸಾಮಾನಿನ ನಡುವೆ ಬದುಕಿದವಳಿಗೆ ಅದರ ಹೆಸರು ನಾಲಿಗೆಗೆ ಬರಲಿಲ್ಲ. ಬಾಯಿ ಮುಚ್ಚಿ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಆ ವಾರ ಅವಳ ಪಾಲಿಗೆ ಮುಳ್ಳಿನ ಮೇಲಿನ ವಾರ. ಬೆಳಗಾದರೆ ವ್ಯಾನು ಹತ್ತುವಳು, ಇವತ್ತು ಹೇಳಿಯೇ ತೀರುತ್ತೇನೆ ಎಂದುಕೊಳ್ಳುವಳು. ಗಂಡ "ಮಹಿಳೆಯರ ಅಗತ್ಯಗಳಿಗಾಗಿ ಉದಾರವಾಗಿ ನೀಡಿ" ಎಂದು ಕೂಗುವನು, ಅವಳು ಮೈಕಿನತ್ತ ನೋಡುವಳು, ಬೀದಿ ಮುಗಿಯುವುದು. ಪರಿಚಯದವರು ಎದುರಾದರೆ ನಾಚಿಕೆ, ಪರಿಚಯವಿಲ್ಲದವರು ಎದುರಾದರೆ ಹೆದರಿಕೆ. ಊಟದ ತಟ್ಟೆಯ ಮುಂದಿನಿಂದ ಎದ್ದು ಬಾಗಿಲಿಗೆ ಹೋಗಿ ನಿಲ್ಲುವಳು. ನೆಲ ಅಲುಗಿದಂತಾಗಿ ಬೆಚ್ಚುವಳು, ಅಲುಗಿರುವುದಿಲ್ಲ. ಎರಡನೆಯ ಲಾರಿಯೂ ಕೋಟು, ಕಂಬಳಿ ಹೊತ್ತು ಹೊರಟಿತು. ಅದರ ಮೂಲೆಯಲ್ಲಿ ಯಜಮಾನರು ಕೊಟ್ಟ ಎರಡು ಡಬ್ಬಿ, ಅವೂ ಪೇಪರು ಸುತ್ತಿಕೊಂಡೇ ಹೋದವು.

ಸಂತೆಯ ದಿನ ವ್ಯಾನು ಪೇಟೆಯ ನಡುಮಧ್ಯೆ ನಿಂತಿತ್ತು. ಜನ ಗಿಜಿಗುಡುತ್ತಿದ್ದರು. ಚೆಂದಾಗಿ ಉಟ್ಟುಕೊಂಡ ಹೆಂಗಸೊಬ್ಬಳು ಬಂದು, ಅಂಚು ಒಡೆದ ಒಂದು ಕನ್ನಡಿಯನ್ನು ಅವಳ ಕೈಗಿಟ್ಟಳು.

"ಪಾಪ, ಮುಖ ಆದ್ರೂ ನೋಡ್ಕೊಳ್ಳಲಿ."

ಅವಳು ಅಂಗಡಿಯ ಹಳೇ ಗಿರಾಕಿ. ಹದಿನೈದು ದಿನದ ಹಿಂದಷ್ಟೇ ಪರದೆ ಸರಿಸಿ ಒಳಬಂದು, ಪೇಪರಿನ ಮೇಲೊಂದು ಪೇಪರು ಸುತ್ತಿಸಿಕೊಂಡು ಹೋದವಳು. ಪಿಸುಮಾತಿನಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆ ಹೆಂಗಸಿನ ಮೇಲೆ ಎಷ್ಟೋ, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಕನ್ನಡಿಯನ್ನು ಸೀಟಿನ ಮೇಲೆ ಕುಕ್ಕಿದಳು, ಗಂಡನ ಕೈಯಿಂದ ಮೈಕು ಕಿತ್ತುಕೊಂಡಳು.

"ಚಡ್ಡಿ ಬೇಕು" ಎಂದಳು.

ಪಿಸುಗುಟ್ಟಿಯೇ ಅಂದದ್ದು, ಬೇರೆ ದನಿ ಅವಳಲ್ಲಿರಲಿಲ್ಲ. ಆದರೆ ಲೌಡ್‌ಸ್ಪೀಕರಿಗೆ ಪಿಸುಮಾತು, ಕೂಗು ಎಂಬ ಭೇದವುಂಟೇ? ಸಂತೆಯ ಈ ತುದಿಯಿಂದ ಆ ತುದಿಗೆ ಅದು ಹಬ್ಬಿತು. ತಕ್ಕಡಿ ಹಿಡಿದವರು ಹಿಡಿದ ಹಾಗೇ ನಿಂತರು.

"ನನ್ನ ತಂಗಿ ಬೆಟ್ಟದಾಚೆ ಡೇರೇಲಿದಾಳೆ. ಅವಳಿಗೆ ಕೋಟು ಬೇಡ. ಚಡ್ಡಿ ಬೇಕು, ಬ್ರಾ ಬೇಕು, ಪ್ಯಾಡು ಬೇಕು. ಅಲ್ಲಿರೋ ಹೆಂಗಸರಿಗೆಲ್ಲ ಬೇಕು. ಹೊಸದೇ ಬೇಕು, ಅದಕ್ಕೆ ದುಡ್ಡು ಬೇಕು. ನೀವೆಲ್ಲ ನನ್ನ ಹತ್ರ ಬಂದು ತಗೊಂಡು ಹೋಗ್ತೀರಲ್ಲ, ಅದೇ. ಅದು ಅವರ ಹತ್ರ ಇಲ್ಲ."

ಗಂಡ ಸ್ಟೀರಿಂಗಿನ ಹಿಂದೆ ತಗ್ಗಿ ಕುಳಿತ. ಹಣ್ಣಿನ ಗಾಡಿಯ ಹತ್ತಿರ ನಿಂತಿದ್ದ ಪಡ್ಡೆಗಳಲ್ಲಿ ಒಬ್ಬ ಶಿಳ್ಳೆ ಹಾಕಿ, "ಸೈಜ್ ಎಷ್ಟಕ್ಕಾ?" ಎಂದು ಕೂಗಿದ.

"ನಿಮ್ಮಮ್ಮನ ಸೈಜು ಗೊತ್ತಿದೆಯಪ್ಪ ನನಗೆ. ಮೈಕಲ್ಲಿ ಹೇಳ್ಲಾ?"

ಸಂತೆ ಘೊಳ್ಳೆಂದಿತು. ಹುಡುಗ ಜನರ ನಡುವೆ ತೂರಿ ಮಾಯವಾದ. ನಗು ಇಳಿಯುವಷ್ಟರಲ್ಲಿ ಮೊದಲು ಒಬ್ಬ ಮುದುಕಿ ಬಂದಳು, ಆಮೇಲೆ ಇಬ್ಬರು, ಆಮೇಲೆ ಸಾಲು. ಕೆಲವರು ಡಬ್ಬಿಗೆ ಹಾಕಲಿಲ್ಲ, ಅವಳ ಅಂಗೈ ಬಿಡಿಸಿ ನೋಟು ಇಟ್ಟು, ಬೆರಳು ಮಡಿಸಿ ಹೋದರು. ಕನ್ನಡಿ ಕೊಟ್ಟವಳೂ ಬಂದಳು, ಕಣ್ಣಿಗೆ ಕಣ್ಣು ಸೇರಿಸದೆ ತನ್ನ ಚೀಲವನ್ನೇ ಬರಿದುಮಾಡಿದಳು. ಮೂಗು ಮುರಿದವರೂ ಇದ್ದರು. "ಎಂಥಾ ಕಾಲ ಬಂತು" ಎಂದು ಗೊಣಗಿ, ಕಿಸೆ ಬಿಗಿಹಿಡಿದು ಹೋದ ಗಂಡಸರಿಗೇನೂ ಬರವಿರಲಿಲ್ಲ. ಸಂಜೆ ಔಷಧಿ ಅಂಗಡಿಯಿಂದ ಪ್ಯಾಡಿನ ದೊಡ್ಡ ದೊಡ್ಡ ಪೆಟ್ಟಿಗೆಗಳು ಬಂದವು, ಅಂಗಡಿಯವರು ಮಾತ್ರ ಬರಲಿಲ್ಲ.

ಮನೆಯಲ್ಲಿ ಅತ್ತೆ ಜಗಲಿಯ ಮೇಲೆ ಕಾದು ಕುಳಿತಿದ್ದಳು. ಸೊಸೆ ಬೈಗುಳಕ್ಕೆ ತಯಾರಾಗಿಯೇ ಮೆಟ್ಟಿಲು ಹತ್ತಿದಳು.

"ಎಲ್ಲಾ ಕೇಳಿಸ್ತು" ಎಂದಳು ಅತ್ತೆ. "ಇಷ್ಟು ದೊಡ್ಡ ಗಂಟಲು ಇಟ್ಕೊಂಡು ಇಷ್ಟು ವರ್ಷ ನನ್ನ ಹತ್ರ ಯಾಕೆ ಹಾಗೆ ಗುಸುಗುಸು ಅಂತಿದ್ದೆ?" ಆಮೇಲೆ ಸೊಸೆಯನ್ನು ಹತ್ತಿರ ಕರೆದು, "ನನಗೂ ಎರಡು ಬೇಕಿತ್ತು. ಕೇಳೋಕೆ ನಾಚಿಕೆ ಆಗಿ ಹರಿದಿದ್ದನ್ನೇ ಹೊಲ್ಕೋತಿದೀನಿ" ಎಂದಳು.

ಮೂರನೆಯ ಲಾರಿಯಲ್ಲಿ ಕೋಟುಗಳಿರಲಿಲ್ಲ. ಸಾಮಾನು ಕೊಡಲು ಹೆಂಗಸೇ ಬೇಕೆಂದು ಹಟ ಹಿಡಿದು ಪಿಸುಮಾತಿನಕ್ಕ ಚಾಲಕನ ಪಕ್ಕದಲ್ಲಿ ಕುಳಿತಳು. ದಾರಿಯುದ್ದಕ್ಕೂ ಬಿರುಕುಬಿಟ್ಟ ರಸ್ತೆ, ಮೊಣಕಾಲೂರಿದ ಮನೆಗಳು. ಬೇಗ ಹೋಗಪ್ಪ ಎಂದು ಎಷ್ಟು ಸಲ ಅಂದಳೋ, ಚಾಲಕನಿಗೆ ಸಾಕುಬೇಕಾಯಿತು.

ಮೈದಾನದ ಒಂದು ಡೇರೆಯ ಬಾಗಿಲು ಕಟ್ಟಿ, ಒಳಗೆ ಪೆಟ್ಟಿಗೆಗಳನ್ನು ಬಿಚ್ಚಿದಳು. ಪೇಪರಿಲ್ಲ, ದಾರವಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡು, ಮೂಲೆಯಲ್ಲಿ ಕಂಬಳಿ ಕಟ್ಟಿ ಮಾಡಿದ ಮರೆಗೆ ಹೋಗಿ ಬದಲಾಯಿಸಿಕೊಂಡು ಬಂದರು. ತಂಗಿ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಬಂದಳು. ಕೆನ್ನೆ ಒಳಸರಿದಿತ್ತು, ತುಟಿ ಒಡೆದು ಸಿಪ್ಪೆಯೆದ್ದಿತ್ತು. ಅಕ್ಕ ಅಪ್ಪಿಕೊಳ್ಳಲು ಹೋದರೆ, "ತಾಳು, ಮೊದಲು ಹಾಕ್ಕೊಂಡು ಬರ್ತೀನಿ" ಎಂದು ಮರೆಗೆ ಓಡಿದಳು.

ಹೊರಬಂದವಳು ಕೇಳಿದ್ದು ಒಂದೇ. "ಅಕ್ಕಾ, ನೀರಿದೆಯಾ?"

ಅಕ್ಕ ಚೀಲದಿಂದ ಬಾಟಲಿ ತೆಗೆದುಕೊಟ್ಟಳು. ತಂಗಿ ನಿಂತಲ್ಲೇ ಗಟಗಟ ಕುಡಿದಳು.

"ಮೆಲ್ಲಗೆ ಕುಡಿಯೇ, ನೆತ್ತಿಗೇರುತ್ತೆ. ನೀರು ಕೊಡ್ತಿಲ್ವಾ ಇಲ್ಲಿ?"

"ಕೊಡ್ತಾರೆ. ಡ್ರಮ್ಮು ತುಂಬಾ ಇದೆ." ತಂಗಿ ತುಟಿ ಒರೆಸಿಕೊಂಡಳು. "ಕುಡಿದ್ರೆ ಎದ್ದು ಹೋಗಬೇಕಲ್ಲಕ್ಕಾ. ಪಾಯಿಖಾನೆ ಮೈದಾನದ ಆ ತುದೀಲಿದೆ. ಕಲೆ ಆಗಿರೋ ಒದ್ದೆ ಬಟ್ಟೇಲಿ ಅಷ್ಟು ಜನ ಗಂಡಸರ ಮುಂದೆ ಹೇಗೆ ನಡ್ಕೊಂಡು ಹೋಗೋದು? ಅದಕ್ಕೇ ಬಾಯಿ ಒದ್ದೆ ಮಾಡ್ಕೊಂಡು ಸುಮ್ಮನೆ ಕೂತ್ಕೋತಿದ್ವಿ. ನಾವೆಲ್ಲ ಹಾಗೇ."

ಅಕ್ಕ ಸುತ್ತ ನೋಡಿದಳು. ಬಾಗಿಲ ಬಳಿಯ ಡ್ರಮ್ಮಿನ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು, ಒಂದೇ ಲೋಟ ಕೈಯಿಂದ ಕೈಗೆ ಓಡುತ್ತಿತ್ತು. ತಂಗಿ ಫೋನು ಮಾಡಿದ ದಿನವೇ ತಾನು ಬಾಯಿ ಬಿಟ್ಟಿದ್ದರೆ, ಇವರೆಲ್ಲ ಒಂದು ಲಾರಿ ಮೊದಲೇ ನೀರು ಕುಡಿದಿರುತ್ತಿದ್ದರು. ಅವಳಿಗೆ ಅಳು ಬಂತು. ಅಳುತ್ತಲೇ ತನಗೆ ತಾನೇ ಗಟ್ಟಿಯಾಗಿ ಬೈದುಕೊಂಡಳು, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ತಂಗಿಗೆ ಅದಾವುದರ ಕಡೆ ಗಮನವಿರಲಿಲ್ಲ. ಬರಿದಾದ ಬಾಟಲಿಯನ್ನು ಅಕ್ಕನ ಮುಂದೆ ಚಾಚಿ, "ಇನ್ನೂ ಬೇಕು" ಎಂದಳು.